ಸಂಕದ ಮೇಲೆ ಯಾರಿದ್ದಾರೆ?

ಭಾನುವಾರ ಉಡುಪಿ ಹತ್ತಿರದ ಕೆಮ್ಮಣ್ಣು ಊರಿನ ತೂಗುಸೇತುವೆಗೆ ಹೋದರೆ ಫೋಟೋ ತೆಗೆಯುವವರದ್ದೇ ಸಾಲು. ಕೆಳಗೆ ಸ್ವರ್ಣಾ ನದಿ, ಎರಡೂ ದಡದಲ್ಲಿ ತೆಂಗು. ಮೊನ್ನೆ ನದಿ ನಡುವಿನ ಕುದ್ರುವಿನ ಕಡೆಯಿಂದ ಹೆಂಗಸೊಬ್ಬರು ಮೀನಿನ ಬುಟ್ಟಿ ಹಿಡಿದು ಬಂದರು. "ಅಕ್ಕಾ, ಒಂಚೂರು ಬದಿಗೆ ನಿಲ್ಲಿ, ಫೋಟೋದಲ್ಲಿ ಬರ್ತೀರಿ" ಎಂದ ಒಬ್ಬ ಹುಡುಗ. ಆ ಸೇತುವೆ ಕಟ್ಟಿದ್ದೇ ಅವರು ದಾಟಲಿ ಅಂತ, ಅಲ್ವಾ?

ಚಿತ್ರಕಲೆಯಲ್ಲೂ ಸೇತುವೆ ದಾಟುವವರು ಹೀಗೇ ಬದಿಗೆ ಸರಿದಿದ್ದಾರೆ, ಆದರೆ ಮೊದಲು ಹಾಗಿರಲಿಲ್ಲ. 12ನೇ ಶತಮಾನದಲ್ಲಿ ಚೀನಾದ ಜಾಂಗ್ ಝೆದುವಾನ್ ರೇಷ್ಮೆಯ ಮೇಲೆ ಬರೆದ ಚಿತ್ರ 5 ಮೀಟರಿಗೂ ಉದ್ದ. ಅದರಲ್ಲೊಂದು ಬಾಗಿದ ಮರದ ಸೇತುವೆ. ಕೆಳಗೆ ದೋಣಿ ಅಡ್ಡ ತಿರುಗಿದೆ, ಅದರ ಕಂಬ ಇನ್ನೂ ಪೂರ್ತಿ ಇಳಿದಿಲ್ಲ. ಮೇಲಿದ್ದವರು ಬಗ್ಗಿ ಬಗ್ಗಿ ಕೂಗುತ್ತಿದ್ದಾರೆ. ನಮ್ಮ ಬಂದರಿನಲ್ಲಿ ದೋಣಿ ನಿಲ್ಲುವ ಧಕ್ಕೆಯ ಗದ್ದಲವೇ! ಅಲ್ಲಿನ ಬೆಟ್ಟ-ಹೊಳೆಯ ಚಿತ್ರಗಳಲ್ಲಿ ಸಂಕಕ್ಕೆ, ಅಂದರೆ ಸಣ್ಣ ಸೇತುವೆಗೆ, ಇನ್ನೊಂದು ಅರ್ಥವೂ ಇತ್ತು. ಈಚೆ ಊರಿನ ಜಂಜಾಟ, ಆಚೆ ಏಕಾಂತ. ನಡುವೆ ಬೆರಳುಗುರಿನಷ್ಟು ದೊಡ್ಡ ಮನುಷ್ಯ.

ಜಪಾನಿನ ಹಿರೋಶಿಗೆ 1857ರಲ್ಲಿ ಮಾಡಿದ ಅಚ್ಚಿನ ಚಿತ್ರವನ್ನು ಕರಾವಳಿಯವರಿಗೆ ವಿವರಿಸಬೇಕಿಲ್ಲ. ಆಟಿ ತಿಂಗಳ ಮಳೆಯ ಹಾಗೆ ಗೆರೆಗೆರೆಯಾಗಿ ಸುರಿಯುವ ನೀರು, ಮರದ ಸೇತುವೆ ಮೇಲೆ ಮುದುಡಿಕೊಂಡು ಓಡುವ ಜನ. ವ್ಯಾನ್ ಗೋ 1887ರಲ್ಲಿ ಅದನ್ನೇ ನೋಡಿ ಎಣ್ಣೆಬಣ್ಣದಲ್ಲಿ ಬರೆದ.

ಅಷ್ಟರಲ್ಲಿ ಯುರೋಪಿನ ಸೇತುವೆಗೆ ರೈಲು ಬಂದಿತ್ತು. ಇಂಗ್ಲೆಂಡಿನ ಟರ್ನರ್ 1844ರಲ್ಲಿ ಥೇಮ್ಸ್ ಮೇಲಿನ ರೈಲು ಸೇತುವೆ ಬರೆದಾಗ ಎಂಜಿನ್ನಿನ ಮುಂದೆ ಒಂದು ಮೊಲವನ್ನು ಓಡಿಸಿದ. ಹುಡುಕಿದರೆ ಮಾತ್ರ ಕಾಣುತ್ತದೆ. ಫ್ರಾನ್ಸಿನ ಮೋನೆಯದ್ದು ಬೇರೆಯೇ ಕತೆ. ತೋಟದಲ್ಲಿ ತಾನೇ ಕೊಳ ಮಾಡಿಸಿದ, ಅದಕ್ಕೊಂದು ಸೇತುವೆ ಹಾಕಿಸಿದ, 1899ರಲ್ಲಿ ಅದನ್ನೇ ಮತ್ತೆ ಮತ್ತೆ ಬರೆದ. ಮೇಲೆ ನರಪಿಳ್ಳೆಯೂ ಇಲ್ಲ. ಚೆಂದ ಹೌದು. ಆದರೆ ಸೇತುವೆ ಸುಮ್ನೆ ನೋಡುವ ವಸ್ತುವಾಯಿತು. ಕೆಮ್ಮಣ್ಣಿನ ಹುಡುಗನಿಗೆ ಬೇಕಾಗಿದ್ದೂ ಅದೇ.

ನಮ್ಮ ಕಡೆ ಕಾಲುಸಂಕ ಎಂದರೆ ಎರಡು ಅಡಿಕೆ ಮರ, ಹಿಡಿಯಲು ಒಂದು ಬಿದಿರು. ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ತೂಗುಸೇತುವೆ ಕಟ್ಟಿದರು. ಆಮೇಲೆ ನೂರಕ್ಕೂ ಜಾಸ್ತಿ ಆಯಿತು. ಆದರೂ ಮಳೆಗಾಲದಲ್ಲಿ ಅಡಿಕೆ ಮರದ ಸಂಕವನ್ನೇ ನಂಬಿದ ಮನೆಗಳು ಇನ್ನೂ ಇವೆ.

ಅಂಥದ್ದೊಂದು ಮನೆಯ ಹುಡುಗಿ ಬರೆದ ಚಿತ್ರ ನೋಡಿದೆ. ಸಂಕದ ಮೇಲೆ ಅವಳೇ ಇದ್ದಾಳೆ, ಒಂದು ಕೈಯಲ್ಲಿ ಬಿದಿರು, ಇನ್ನೊಂದರಲ್ಲಿ ಚಪ್ಪಲಿ. ಹೊಳೆಗೆ ಕಂದು ಬಣ್ಣ ಹಾಕಿದ್ದಳು. ನೀಲಿ ಯಾಕಿಲ್ಲ ಎಂದು ಕೇಳಿದೆ.

"ಶಾಲೆ ಶುರುವಾದ ಮೇಲೆ ಹೊಳೆ ನೀಲಿ ಎಲ್ಲಿರ್ತದೆ?" ಎಂದಳು.