ಸಂಜೆ ಹೊತ್ತು ಮಾತ್ರ ಮುಳ್ಳು ಮೇಲೇರುತ್ತೆ: ಇಂಜಿನ್ ಹೀಟೋ, ಮೀಟರ್ ಸುಳ್ಳೋ?

ಪ್ರಶ್ನೆ: ನನ್ನದು 1998ರ ಮಾರುತಿ 800, ಕಾರ್ಬುರೇಟರ್ ಗಾಡಿ. ಬೆಂಗಳೂರಲ್ಲೇ ಓಡಿಸುತ್ತೇನೆ. ಬೆಳಗ್ಗೆ ಆಫೀಸಿಗೆ ಹೋಗುವಾಗ ಟೆಂಪರೇಚರ್ ಮುಳ್ಳು ನಡುವಿನಲ್ಲೇ ಇರುತ್ತೆ. ಸಂಜೆ ವಾಪಸ್ ಬರುವಾಗ ಕೆಂಪು ಗೆರೆ ಹತ್ತಿರ ಹೋಗುತ್ತೆ. ಬಾನೆಟ್ ಎತ್ತಿ ನೋಡಿದರೆ ನೀರು ಕುದಿಯುತ್ತಿಲ್ಲ, ಹಬೆಯೂ ಇಲ್ಲ. ಗ್ಯಾರೇಜಿನಲ್ಲಿ ರೇಡಿಯೇಟರ್ ಬದಲಿಸಿ ಅಂತಿದ್ದಾರೆ. ಬದಲಿಸಲಾ?

ಉತ್ತರ: ಈಗಲೇ ಬೇಡ. ರೇಡಿಯೇಟರೇ ಹಾಳಾಗಿರಬಹುದು, ಇಲ್ಲ ಅನ್ನುತ್ತಿಲ್ಲ. ಆದರೆ ಹಣ ಕೊಡುವ ಮೊದಲು ಒಂದು ವಿಷಯ ಗೊತ್ತಾಗಬೇಕು. ಇಂಜಿನ್ ನಿಜವಾಗಿಯೂ ಬಿಸಿಯಾಗುತ್ತಿದೆಯಾ, ಅಥವಾ ಮುಳ್ಳು ಮಾತ್ರ ಹಾಗೆ ಹೇಳುತ್ತಿದೆಯಾ?

ಮುಳ್ಳಿಗೆ ಇಂಜಿನ್ನಿನ ಬಿಸಿ ನೇರವಾಗಿ ಗೊತ್ತಾಗುವುದಿಲ್ಲ. ಇಂಜಿನ್ನಿನ ನೀರಿನಲ್ಲಿ ಅದ್ದಿಕೊಂಡಿರುವ ಒಂದು ಸಣ್ಣ ಸೆನ್ಸರ್ ಇದೆ. ನೀರು ಬಿಸಿಯಾದಷ್ಟೂ ಅದು ಕರೆಂಟನ್ನು ಹೆಚ್ಚು ಹೆಚ್ಚು ಬಿಡುತ್ತದೆ, ಮುಳ್ಳು ಮೇಲೇರುತ್ತದೆ. ಸೆನ್ಸರ್, ಅದರ ಒಂದೇ ಒಂದು ವೈರ್, ಮೀಟರ್, ಅರ್ತ್ (ಕರೆಂಟ್ ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ), ಇಷ್ಟರಲ್ಲಿ ಯಾವುದು ಕೆಟ್ಟರೂ ಮುಳ್ಳು ಸುಳ್ಳು ಹೇಳುತ್ತದೆ. ಇಪ್ಪತ್ತು ಇಪ್ಪತ್ತೈದು ವರ್ಷದ ಗಾಡಿಯಲ್ಲಿ ಇದು ಅಪರೂಪವೇನಲ್ಲ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯವಾಗಿ ಕಂಡಿದ್ದು ‘ಸಂಜೆ’ ಅನ್ನೋ ಮಾತು. ಸಂಜೆ ಎರಡು ವಿಷಯ ಬದಲಾಗುತ್ತವೆ. ಟ್ರಾಫಿಕ್ ಜಾಸ್ತಿ. ಮತ್ತೆ, ನೀವು ಹೆಡ್‌ಲೈಟ್ ಹಾಕುತ್ತೀರಿ.

ಮೊದಲು ಲೈಟಿನದನ್ನೇ ನೋಡಿಬಿಡಿ, ಕಾಸು ಖರ್ಚಿಲ್ಲ. ಹಗಲು ಹೊತ್ತಲ್ಲಿ, ಇಂಜಿನ್ ಬಿಸಿಯಾಗಿ ಮುಳ್ಳು ನಡುವೆ ನಿಂತ ಮೇಲೆ ಗಾಡಿ ನಿಲ್ಲಿಸಿ ಹೆಡ್‌ಲೈಟ್ ಹಾಕಿ. ಮುಳ್ಳು ತಟ್ಟನೆ ಮೇಲೆ ಹೋಯಿತಾ? ಆರಿಸಿದರೆ ಇಳಿಯಿತಾ? ಹಾಗಾದರೆ ಅದು ಬಿಸಿಯಲ್ಲ. ನೀರು ಎರಡು ಸೆಕೆಂಡಿನಲ್ಲಿ ಬಿಸಿಯಾಗಿ ತಣ್ಣಗಾಗುವುದಿಲ್ಲ. ಜೊತೆಗೆ ಪೆಟ್ರೋಲ್ ಮುಳ್ಳೂ ಅಲ್ಲಾಡಿದರೆ ಇನ್ನೂ ಖಾತ್ರಿ: ಡ್ಯಾಶ್‌ಬೋರ್ಡಿನ ಅರ್ತ್ ಸಡಿಲವಾಗಿದೆ ಅಥವಾ ತುಕ್ಕು ಹಿಡಿದಿದೆ. ಅರ್ತ್ ವೈರ್ ಕೂರುವ ಬೋಲ್ಟ್ ಬಿಚ್ಚಿ, ಮರಳು ಕಾಗದದಲ್ಲಿ ಹೊಳೆಯುವಂತೆ ಉಜ್ಜಿ ಮತ್ತೆ ಬಿಗಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ.

ಲೈಟಿಗೆ ಮುಳ್ಳು ಜಗ್ಗಲಿಲ್ಲ ಅಂದರೆ ಸೆನ್ಸರ್ ವೈರ್ ನೋಡಿ. ಇಗ್ನಿಷನ್ ಆನ್ ಇರಲಿ, ಇಂಜಿನ್ ಆಫ್ ಇರಲಿ. ಸೆನ್ಸರ್ ಮೇಲಿನ ವೈರ್ ಕಿತ್ತರೆ ಮುಳ್ಳು ಪೂರ್ತಿ ಕೆಳಗೆ ಬೀಳಬೇಕು. ಆ ವೈರನ್ನು ಇಂಜಿನ್ನಿನ ಲೋಹಕ್ಕೆ ಒಂದು ಕ್ಷಣ ಮುಟ್ಟಿಸಿದರೆ ಪೂರ್ತಿ ಮೇಲೇರಬೇಕು. ಸಣ್ಣ 12 ವೋಲ್ಟ್ ಬಲ್ಬ್ ಮೂಲಕ ಮುಟ್ಟಿಸಿದರೆ ಮೀಟರಿಗೆ ಇನ್ನೂ ಕ್ಷೇಮ. ಎರಡೂ ಸರಿಯಾದರೆ ಮೀಟರ್, ವೈರ್ ಚೆನ್ನಾಗಿವೆ. ವೈರ್ ಕಿತ್ತರೂ ಮುಳ್ಳು ಮೇಲೇ ನಿಂತಿದ್ದರೆ, ವೈರ್ ದಾರಿಯಲ್ಲೆಲ್ಲೋ ಸಿಪ್ಪೆ ಸುಲಿದು ಬಾಡಿಗೆ ತಾಗುತ್ತಿದೆ. ವೈರ್ ತುದಿಯ ಕ್ಲಿಪ್ಪನ್ನೂ ಹತ್ತಿರದಿಂದ ನೋಡಿ. ಹಸಿರು ಪುಡಿ ಕಟ್ಟಿದ್ದರೆ ಅದೇ ತೊಂದರೆ ಕೊಡುತ್ತಿರಬಹುದು.

ಇನ್ನು, ನೀರು ಕುದಿಯುತ್ತಿಲ್ಲ ಅಂದಿರಿ. ಅದನ್ನು ನಂಬಿ ನಿರಾಳವಾಗಬೇಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು ಹತ್ತಿರಹತ್ತಿರ 97 ಡಿಗ್ರಿಗೇ ಕುದಿಯುತ್ತದೆ. ಆದರೆ ರೇಡಿಯೇಟರ್ ಮುಚ್ಚಳ ಕುಕ್ಕರಿನ ಹಾಗೆ ಒತ್ತಡ ಹಿಡಿದಿಡುತ್ತದೆ. 0.9 ಅಂತ ಬರೆದಿರುವ ಮುಚ್ಚಳ ಸರಿಯಿದ್ದರೆ 115 ಡಿಗ್ರಿ ದಾಟುವವರೆಗೂ ನೀರು ಕುದಿಯದು. ಅಂದರೆ ಇಂಜಿನ್ ವಿಪರೀತ ಬಿಸಿಯಾಗಿದ್ದರೂ ಹೊರಗೆ ಏನೂ ಕಾಣದೇ ಇರಬಹುದು. ಇದರ ಉಲ್ಟಾ ಕೂಡ ನಿಜ. ಮುಚ್ಚಳದ ರಬ್ಬರ್ ಒಣಗಿ ಬಿರಿದಿದ್ದರೆ, ಇಂಜಿನ್ ಬಿಸಿ ಸರಿಯಾಗಿದ್ದರೂ ನೀರು ಕುದಿದು ಉಕ್ಕುತ್ತದೆ. ಒಂದು ಮಾತು ದಯವಿಟ್ಟು ನೆನಪಿಡಿ: ಬಿಸಿ ಇರುವಾಗ ಆ ಮುಚ್ಚಳ ತಿರುಗಿಸಲೇಬೇಡಿ. ಮುಖ, ಕೈ ಬೆಂದುಹೋಗುತ್ತದೆ.

ನಿಜವಾದ ಬಿಸಿ ತಿಳಿಯಲು ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ಒಳ್ಳೆಯದು. ಇಂಜಿನ್ನಿಗೆ ಅಂತ ಮಾರುವುದನ್ನೇ ತಗೊಳ್ಳಿ, ಜ್ವರ ನೋಡುವುದು ಇಲ್ಲಿ ಕೆಲಸಕ್ಕೆ ಬಾರದು. ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಬಿಡದ ವಾಲ್ವ್) ಕೂರುವ ಅಲ್ಯೂಮಿನಿಯಂ ಮುಚ್ಚಳದ ಮೇಲೆ ಹಿಡಿಯಿರಿ. ಹೊಳೆಯುವ ಲೋಹದ ಮೇಲೆ ಗನ್ ಕಡಿಮೆ ತೋರಿಸುತ್ತದೆ, ಅದಕ್ಕೇ ಅಲ್ಲೊಂದು ಚೂರು ಕಪ್ಪು ಟೇಪ್ ಅಂಟಿಸಿ. 80ರಿಂದ 95ರ ಒಳಗೆ ಓಡಾಡುತ್ತಿದ್ದು ಮುಳ್ಳು ಕೆಂಪಿನಲ್ಲಿದ್ದರೆ ಸುಳ್ಳು ಹೇಳುತ್ತಿರುವುದು ಮುಳ್ಳೇ. 105 ದಾಟಿದರೆ ಮುಳ್ಳನ್ನು ನಂಬಿ, ಗಾಡಿ ನಿಲ್ಲಿಸಿ.

ಬಿಸಿ ನಿಜವೇ ಆದರೆ ಯಾವಾಗ ಏರುತ್ತೆ ಅನ್ನೋದು ಮುಖ್ಯ. ಸಿಗ್ನಲ್ಲಿನಲ್ಲಿ ಏರಿ, ಓಡುವಾಗ ಇಳಿದರೆ ಫ್ಯಾನ್ ಮೇಲೆ ಅನುಮಾನ. ಮುಳ್ಳು ನಡು ದಾಟಿದರೂ ಫ್ಯಾನ್ ತಿರುಗದಿದ್ದರೆ ಫ್ಯೂಸ್, ರಿಲೇ, ಫ್ಯಾನ್ ಸ್ವಿಚ್ ನೋಡಿಸಿ. ಅದನ್ನು ಬಿಟ್ಟು, ಹೈವೇಯಲ್ಲಿ, ಘಾಟಿಯಲ್ಲಿ ಏರಿದರೆ ನೀರಿನ ಓಟದಲ್ಲೇ ತಡೆ ಇದೆ. ಆಗ ರೇಡಿಯೇಟರ್ ಮಾತು ಬರುತ್ತದೆ. ನಮ್ಮಲ್ಲಿ ಇದಕ್ಕೆ ದೊಡ್ಡ ಕಾರಣ ಬೋರ್‌ವೆಲ್ ನೀರು. ಸ್ನಾನಕ್ಕೆ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಸುಣ್ಣವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಜೊತೆ ಕೂಲೆಂಟ್ ಹಾಕಿ.

ಥರ್ಮೋಸ್ಟಾಟ್ ಅನುಮಾನ ಬಂದರೆ ಮನೆಯಲ್ಲೇ ನೋಡಬಹುದು. ಹಳೆಯ ಪಾತ್ರೆಯಲ್ಲಿ ನೀರಿಟ್ಟು, ದಾರ ಕಟ್ಟಿ ಅದನ್ನು ತಳಕ್ಕೆ ತಾಗದಂತೆ ಇಳಿಬಿಡಿ, ಒಲೆ ಹಚ್ಚಿ. ಅದರ ಮೇಲೇ 82 ಅಂತಲೋ 88 ಅಂತಲೋ ಅಚ್ಚಾಗಿರುತ್ತದೆ. ಅಷ್ಟು ಬಿಸಿಯಾಗುತ್ತಿದ್ದಂತೆ ಬಾಯಿ ಮೆಲ್ಲಗೆ ಬಿಡಬೇಕು, ತಣ್ಣಗಾದಾಗ ಮುಚ್ಚಬೇಕು. ನೀರು ಕುದಿದರೂ ಬಾಯಿ ಬಿಡದಿದ್ದರೆ ಹೊಸದು ಹಾಕಿ. ‘ನಮ್ಮೂರಿಗೆ ಥರ್ಮೋಸ್ಟಾಟ್ ಬೇಡ, ತೆಗೆದುಬಿಡೋಣ’ ಅನ್ನುವವರ ಮಾತು ಕೇಳಬೇಡಿ. ಇಂಜಿನ್ ಬೆಚ್ಚಗಾಗಲು ತುಂಬಾ ಹೊತ್ತು ಹಿಡಿಯುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸವೆತವೂ ಹೆಚ್ಚು.

ನೀವು ಕೇಳದ ಒಂದನ್ನು ಹೇಳಲೇಬೇಕು. ಮೇಲೇರುವ ಮುಳ್ಳಿಗಿಂತ ಹೆದರಬೇಕಾದ್ದು ದಿಢೀರನೆ ಬೀಳುವ ಮುಳ್ಳಿಗೆ. ಒಂದು ಸಲ ಚಾರ್ಮಾಡಿ ಹತ್ತುವಾಗ ನನ್ನ ಗಾಡಿಯ ಮುಳ್ಳು ಏರುತ್ತಾ ಬಂತು. ಕೊಟ್ಟಿಗೆಹಾರ ಇನ್ನೂ ದೂರವಿತ್ತು, ಅಷ್ಟರಲ್ಲಿ ಮುಳ್ಳು ಸರ್ರನೆ ಕೆಳಗೆ ಬಿತ್ತು. ತಣ್ಣಗಾಯಿತು ಅಂದುಕೊಂಡು ಇನ್ನೆರಡು ಕಿಲೋಮೀಟರ್ ಓಡಿಸಿದೆ. ಕೆಳಗಿನ ಹೋಸ್ ಬಿರಿದು ನೀರೆಲ್ಲ ಸೋರಿಹೋಗಿತ್ತು. ಸೆನ್ಸರ್ ಸುತ್ತ ನೀರೇ ಇಲ್ಲದ ಮೇಲೆ ಅದು ಬಿಸಿಯನ್ನು ಹೇಗೆ ಅಳೆಯಬೇಕು? ಇಂಜಿನ್ನಿನ ಮೇಲ್ಭಾಗದ ಹೆಡ್ ಸೊಟ್ಟಗಾಯಿತು, ಅದರ ಕೆಳಗಿನ ಸೀಲ್, ಅಂದರೆ ಗ್ಯಾಸ್ಕೆಟ್, ಹೋಯಿತು.

ಅದಕ್ಕೆ ಇವತ್ತೇ ಒಂದು ಕೆಲಸ ಮಾಡಿ. ಬೆಳಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ನೀರಿನ ಮಟ್ಟ ನೋಡಿ. ಪಕ್ಕದ ಬಾಟಲಿ ತುಂಬಿದೆ ಅಂತ ಬಿಡಬೇಡಿ, ಬಾಟಲಿ ತುಂಬಿದ್ದೂ ರೇಡಿಯೇಟರ್ ಖಾಲಿ ಇರಬಹುದು. ಹಾಗೇ ಇಂಜಿನ್ ಶುರು ಮಾಡಿ ಒಂದೆರಡು ನಿಮಿಷ ಅದರ ಬಾಯಿ ನೋಡಿ. ಮೊದಲು ಒಂದೆರಡು ಗುಳ್ಳೆ ಬಂದು ನಿಂತರೆ ಪರವಾಗಿಲ್ಲ. ನಿಲ್ಲದೆ ಗುಳ್ಳೆ ಏಳುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ ಸೋರುತ್ತಿರಬಹುದು, ಗಾಡಿ ಓಡಿಸದೆ ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ. ಗುಳ್ಳೆ ಇಲ್ಲ, ನೀರೂ ತುಂಬಿದೆ ಅಂದರೆ ಮುಚ್ಚಳ ಹಾಕಿ, ಇಂಜಿನ್ ಬಿಸಿಯಾಗುವವರೆಗೆ ಕಾದು, ಹೆಡ್‌ಲೈಟ್ ಸ್ವಿಚ್ ಒತ್ತಿ ಮುಳ್ಳನ್ನೇ ನೋಡುತ್ತಿರಿ.