ಡಾಕಿಂಗ್ ಕಲಿಯಲು ಪ್ರಯೋಗಾಲಯವನ್ನೇ ಹಾರಿಸಬೇಕಿತ್ತೇ?

ಪ್ರಶ್ನೆ: ಇಸ್ರೋ ಎರಡು ಪುಟ್ಟ ಉಪಗ್ರಹಗಳಲ್ಲೇ ಡಾಕಿಂಗ್, ಅಂದರೆ ಕಕ್ಷೆಯಲ್ಲಿ ಎರಡನ್ನು ಕೂಡಿಸುವ ಕೆಲಸ, ಮಾಡಿ ತೋರಿಸಿತಲ್ಲ. ಚೀನಾ ಅದಕ್ಕಾಗಿ ತಿಯಾಂಗಾಂಗ್-1 ಎಂಬ ಪ್ರಯೋಗಾಲಯವನ್ನೇ ಏಕೆ ಹಾರಿಸಿತು?

ಉತ್ತರ: ಇಸ್ರೋದ ಆ ಪ್ರಯೋಗವಾದ ಸ್ಪೇಡೆಕ್ಸ್‌ನ ಉಪಗ್ರಹಗಳು ತಲಾ ಸುಮಾರು 220 ಕೆ.ಜಿ. ತೂಗುತ್ತಿದ್ದವು. ಎರಡೂ ಒಂದೇ ಪಿಎಸ್‌ಎಲ್‌ವಿ ರಾಕೆಟ್‌ನಲ್ಲಿ ಹೋದವು. ಚೀನಾ ಕೂಡಿಸಬೇಕಿದ್ದದ್ದು ಸುಮಾರು ಎಂಟೆಂಟು ಟನ್ನಿನ ನೌಕೆಗಳನ್ನು, ಅದೂ ಮನುಷ್ಯರು ಒಂದರಿಂದ ಇನ್ನೊಂದಕ್ಕೆ ದಾಟುವಂತೆ. ಗಗನಯಾತ್ರಿಗಳನ್ನು ಒಯ್ಯುವ ಎರಡು ಶೆಂಝೌ ನೌಕೆಗಳನ್ನೇ ಸೇರಿಸಹೊರಟರೆ ಪ್ರತಿ ಸುತ್ತಿಗೂ ಎರಡು ದೊಡ್ಡ ರಾಕೆಟ್ ಬೇಕು. ಎರಡು ವರ್ಷ ಬಾಳುವ ಗುರಿನೌಕೆಯೊಂದು ಕಕ್ಷೆಯಲ್ಲಿದ್ದರೆ ಒಂದಾದ ಮೇಲೊಂದು ನೌಕೆ ಬಂದು ಅದಕ್ಕೇ ಕೂಡಬಹುದು. 2011ರ ಸೆಪ್ಟೆಂಬರ್ 29ರಂದು ಹೊರಟ, 10.4 ಮೀಟರ್ ಉದ್ದದ ತಿಯಾಂಗಾಂಗ್-1 ಅಂಥ ಗುರಿ. ಅದನ್ನೂ ಸೇರಿಸಿ ನಾಲ್ಕೇ ಉಡಾವಣೆಗಳಲ್ಲಿ ಆರು ಡಾಕಿಂಗ್‌ಗಳಾದವು.

ಕಕ್ಷೆಯಲ್ಲಿ ಮುಂದಿನ ನೌಕೆಯನ್ನು ಹಿಡಿಯಲು ವೇಗ ಹೆಚ್ಚಿಸಿದರೆ ಕಕ್ಷೆ ಎತ್ತರವಾಗಿ, ಸುತ್ತು ಹಾಕುವ ಹೊತ್ತು ಹೆಚ್ಚಿ, ನೀವೇ ಹಿಂದೆ ಬೀಳುತ್ತೀರಿ. ಅದಕ್ಕೇ ಶೆಂಝೌ ಕೆಳಗಿನ ಕಕ್ಷೆಯಿಂದ ಬಂದು, 5 ಕಿ.ಮೀ., 400, 140, 30 ಮೀಟರ್‌ಗಳಲ್ಲಿ ನಿಂತು, ಪರೀಕ್ಷಿಸಿಕೊಂಡು ಮುಂದುವರಿಯುತ್ತಿತ್ತು. ತಾಗುವಾಗಿನ ವೇಗ ಸೆಕೆಂಡಿಗೆ ಸುಮಾರು 20 ಸೆಂ.ಮೀ. ತೀರಾ ನಿಧಾನವಾದರೆ ಕೊಕ್ಕೆ ಕಚ್ಚದೆ ನೌಕೆಯ ತುದಿಯ ಡಾಕಿಂಗ್ ಉಂಗುರ ಪುಟಿದು ದೂರ ಸರಿಯಬಹುದು. ಜೋರಾದರೆ ಪೆಟ್ಟನ್ನು ಹೀರುವ ಡ್ಯಾಂಪರ್‌ಗಳಿಗೆ ತಡೆಯಲಾಗದು. ಮೊದಲು ಮುಂಚಾಚಿದ ಉಂಗುರ ಹಿಡಿಯುತ್ತದೆ, ಅಲುಗಾಟ ತಣಿಯುತ್ತದೆ, ಆಮೇಲೆ ಉಂಗುರ ಒಳಗೆ ಸರಿದು ಎರಡನ್ನೂ ಹತ್ತಿರಕ್ಕೆ ಎಳೆಯುತ್ತದೆ, ಕೊನೆಗೆ 12 ಕೊಕ್ಕೆಗಳು ಬಿಗಿಯುತ್ತವೆ. ಗಾಳಿ ಸೋರುತ್ತಿಲ್ಲವೆಂದು ಖಾತ್ರಿಯಾಗದೆ 80 ಸೆಂ.ಮೀ. ಅಗಲದ ದಾರಿಯ ಬಾಗಿಲು ತೆರೆಯುವಂತಿಲ್ಲ.

ಗುರಿನೌಕೆ ಕಕ್ಷೆಯಲ್ಲೇ ಉಳಿದದ್ದರ ನಿಜವಾದ ಲಾಭ ಇಲ್ಲಿದೆ. ಜನರಿಲ್ಲದ ಶೆಂಝೌ-8 2011ರ ನವೆಂಬರ್ 3ರಂದು ಭೂಮಿಯ ನೆರಳಿನಲ್ಲಿ ಕೂಡಿತು, ಬಿಸಿಲು ಕ್ಯಾಮೆರಾ ಸಂವೇದಕಗಳ ಕಣ್ಣು ಕುಕ್ಕದಿರಲೆಂದು. 14ರಂದು ಬಿಡಿಸಿಕೊಂಡು ಹಿಂದೆ ಸರಿದು, ಬೇಕೆಂದೇ ಬಿಸಿಲಿನಲ್ಲಿ ಮತ್ತೆ ಕೂಡಿತು. 2012ರ ಜೂನ್ 24ರಂದು ಶೆಂಝೌ-9ರಲ್ಲಿದ್ದ ಲಿಯು ವಾಂಗ್, ಪರದೆಯ ಮೇಲಿನ ಶಿಲುಬೆ ಗುರುತುಗಳನ್ನು ಒಂದಕ್ಕೊಂದು ಹೊಂದಿಸುತ್ತ ಕೈಯಿಂದಲೇ ನೌಕೆಯನ್ನು ಕೂಡಿಸಿದರು. ಸ್ವಯಂಚಾಲಿತ ವ್ಯವಸ್ಥೆ ಕೈಕೊಟ್ಟರೆ ನೌಕೆಯನ್ನು ಕೂಡಿಸಲು ಒಳಗಿರುವವರ ಕೈಯಲ್ಲಿ ಉಳಿಯುವ ದಾರಿ ಅದು.