ತುಂಡು ಗೆರೆಯ ಗೊಂದಲ: ಬೇರೆ ಬೇರೆ ಡಿಸೈನ್ ಕ್ಷೇತ್ರಗಳ ಚಿತ್ರ ಓದುವುದಕ್ಕೆ ಒಂದಿಷ್ಟು ಟಿಪ್ಪಣಿ

ಡಿಸೈನ್ ಕೋರ್ಸ್‌ಗಳಿಗೆ ಸೇರಲು ಬರೆಯುವ ಯುಸೀಡ್, ಸೀಡ್, ಎನ್‌ಐಡಿ ಪರೀಕ್ಷೆಗಳಿಗೆ ಓದುತ್ತಿರುವವರಿಗೆ ಈ ಟಿಪ್ಪಣಿ. ಶೇಡಿಂಗ್, ಪರ್ಸ್‌ಪೆಕ್ಟಿವ್, ಬಣ್ಣದ ಚಕ್ರ ಇಲ್ಲಿಲ್ಲ. ಅವು ಯೂಟ್ಯೂಬಿನಲ್ಲಿ ಬೇಕಾದಷ್ಟು ಸಿಗುತ್ತವೆ. ಒಂದು ವಿಚಾರವನ್ನು ಗ್ರಾಫಿಕ್ ಡಿಸೈನರ್ ಒಂದು ಥರ, ಆರ್ಕಿಟೆಕ್ಟ್ ಒಂದು ಥರ, ಬಟ್ಟೆ ಕೆಲಸದವರು ಇನ್ನೊಂದು ಥರ ಯಾಕೆ ಬರೆಯುತ್ತಾರೆ ಅನ್ನೋದಷ್ಟೇ ಇಲ್ಲಿರುವುದು. ಅದರಲ್ಲೂ ತುಂಡು ಗೆರೆಗೇ, ಅಂದರೆ ಬಿಟ್ಟು ಬಿಟ್ಟು ಎಳೆದ ಗೆರೆಗೇ (- - -), ಜಾಸ್ತಿ ಜಾಗ ಹೋಗಿದೆ. ನನಗೆ ತುಂಬಾ ಕಾಟ ಕೊಟ್ಟಿದ್ದು ಅದೇ.

ಮೊದಲು ಒಂದು ಪ್ರಶ್ನೆ

ಪೆನ್ಸಿಲ್ ಹಿಡಿಯುವ ಮೊದಲು ಕೇಳಿಕೊಳ್ಳಿ: ಈ ಚಿತ್ರ ನೋಡಿದವರು ಮುಂದೆ ಏನು ಮಾಡಬೇಕು? ಮೇಸ್ತ್ರಿ ಗೋಡೆ ಕಟ್ಟಬೇಕು. ಟೈಲರ್ ಬಟ್ಟೆ ಕತ್ತರಿಸಬೇಕು. ಪ್ರಯಾಣಿಕರು ಸರಿಯಾದ ನಿಲ್ದಾಣದಲ್ಲಿ ಇಳಿಯಬೇಕು. ಆ ಕೆಲಸಕ್ಕೆ ಬೇಕಾದ್ದನ್ನು ಇಟ್ಟುಕೊಂಡು ಮಿಕ್ಕಿದ್ದನ್ನು ಬಿಡಬೇಕು. ಚಂದ ಕಾಣುವುದು ಆಮೇಲಿನ ಮಾತು.

ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಲಂಡನ್ ಅಂಡರ್‌ಗ್ರೌಂಡ್ ನಕ್ಷೆ. ಎಲ್ಲರೂ ಕೊಡುತ್ತಾರೆ ಅಂತ ನಾನು ಬಿಡುವುದಿಲ್ಲ, ಅಷ್ಟು ಒಳ್ಳೆಯ ಉದಾಹರಣೆ ಅದು. ಹ್ಯಾರಿ ಬೆಕ್ ಅದನ್ನು ಬರೆದದ್ದು 1931ರಲ್ಲಿ. ಮೊದಲು ಬೇಡ ಎಂದರು. 1933ರಲ್ಲಿ ಜೇಬಿಗೆ ಹಿಡಿಸುವ ನಕ್ಷೆಯಾಗಿ ಅಚ್ಚಾಯಿತು. ಅವರು ಕಲಾವಿದರಲ್ಲ, ಎಲೆಕ್ಟ್ರಿಕಲ್ ಡ್ರಾಯಿಂಗ್ ಮಾಡುತ್ತಿದ್ದ ಡ್ರಾಫ್ಟ್ಸ್‌ಮನ್. ನಿಲ್ದಾಣಗಳ ನಡುವಿನ ನಿಜವಾದ ದೂರವನ್ನು ಕೈಬಿಟ್ಟರು. ಗೆರೆಗಳು ಅಡ್ಡ, ಉದ್ದ, 45 ಡಿಗ್ರಿ ಓರೆ ಅಷ್ಟೇ. ಊರಿನ ರಸ್ತೆಗಳೆಲ್ಲ ಹೋದವು, ಥೇಮ್ಸ್ ನದಿ ಮಾತ್ರ ಉಳಿಯಿತು. ರೈಲಿನೊಳಗೆ ಕೂತವರಿಗೆ ಬೇಕಾದ್ದು ಎರಡೇ ಅಲ್ವಾ: ಯಾವ ನಿಲ್ದಾಣ ಆದಮೇಲೆ ಯಾವುದು, ಎಲ್ಲಿ ಗಾಡಿ ಬದಲಾಯಿಸಬೇಕು.

ನಮ್ಮ ಮೆಟ್ರೋ ನಕ್ಷೆಯನ್ನೂ ಹೀಗೇ ನೋಡಿ. ಮೆಜೆಸ್ಟಿಕ್‌ನಲ್ಲಿ ನೇರಳೆ ಮತ್ತು ಹಸಿರು ಮಾರ್ಗ ಸೇರುತ್ತವೆ, ಆರ್.ವಿ. ರಸ್ತೆಯಲ್ಲಿ ಹಸಿರಿನಿಂದ ಹಳದಿಗೆ ಹೋಗಬಹುದು. ಇಷ್ಟು ಗೊತ್ತಾಗಲು ದೂರ ಬೇಕಿಲ್ಲ. ಆದರೆ "ಒಂದು ಸ್ಟಾಪ್ ನಡೆದೇ ಹೋಗಬಹುದಾ?" ಎಂದು ಕೇಳಿದರೆ ಈ ಥರದ ನಕ್ಷೆಯಲ್ಲಿ ಉತ್ತರ ಸಿಗುವುದಿಲ್ಲ. ಅದು ನಕ್ಷೆಯ ತಪ್ಪಲ್ಲ. ಆ ಪ್ರಶ್ನೆಗೆ ಬೇರೆ ಚಿತ್ರ ಬೇಕು.

ಸಂಖ್ಯೆಯನ್ನು ಚಿತ್ರ ಮಾಡುವಾಗ

ಇನ್‌ಫೋಗ್ರಾಫಿಕ್ ಪ್ರಶ್ನೆ ಬಂದರೆ ಇದೊಂದು ನೆನಪಿರಲಿ. ಒಂದು ಊರಲ್ಲಿ 100 ಮರ, ಇನ್ನೊಂದರಲ್ಲಿ 200 ಮರ ಅಂತಿಟ್ಟುಕೊಳ್ಳಿ. 200 ತೋರಿಸಲು ಮರದ ಚಿತ್ರವನ್ನು ಎರಡರಷ್ಟು ಎತ್ತರ ಮಾಡಿದರೆ ಅಗಲವೂ ಎರಡರಷ್ಟಾಗುತ್ತದೆ. ಕಣ್ಣಿಗೆ ನಾಲ್ಕರಷ್ಟು ಕಾಣುತ್ತದೆ. ವೃತ್ತಕ್ಕೂ ಇದೇ ಲೆಕ್ಕ. ವಿಸ್ತೀರ್ಣ ಎರಡರಷ್ಟಾಗಬೇಕಾದರೆ ತ್ರಿಜ್ಯ ಸುಮಾರು 1.4 ಪಟ್ಟು ಆದರೆ ಸಾಕು. 1 ಸೆಂ.ಮೀ. ಇದ್ದದ್ದು 1.4 ಸೆಂ.ಮೀ. ಆಗಬೇಕು, 2 ಅಲ್ಲ. ಡಬ್ಬಿ, ಬಾಟಲಿ ಅಂತ ಉಬ್ಬು ತಗ್ಗು ತೋರಿಸಿ ಬರೆದರೆ ಇನ್ನೂ ಕಷ್ಟ. ಎರಡು ಪಟ್ಟು ಎತ್ತರದ ಡಬ್ಬಿಯಲ್ಲಿ ಎಂಟು ಪಟ್ಟು ಹಿಡಿಸುತ್ತದೆ.

ವಿಯೆನ್ನಾದಲ್ಲಿ 1925ರಲ್ಲಿ ಮ್ಯೂಸಿಯಂ ಶುರುಮಾಡಿದ ಆಟೋ ನ್ಯೂರಾತ್, ಅವರ ಜೊತೆಗಿದ್ದ ಮಾರೀ ನ್ಯೂರಾತ್, ಗೆರ್ಡ್ ಆರ್ನ್ಟ್ಸ್ ಈ ತಲೆನೋವನ್ನೇ ಇಲ್ಲವಾಗಿಸಿದರು. ಐಸೋಟೈಪ್ ಎಂದು ಹೆಸರಾದ ಅವರ ಪದ್ಧತಿಯಲ್ಲಿ ಚಿತ್ರ ದೊಡ್ಡದಾಗುವುದೇ ಇಲ್ಲ. ಒಂದು ಮರ 100ಕ್ಕೆ, ಎರಡು ಮರ 200ಕ್ಕೆ. ಪರೀಕ್ಷೆಯಲ್ಲಿ ಸಮಯ ಕಮ್ಮಿ ಇದ್ದಾಗ ಇದೇ ವಾಸಿ.

ಚಿಹ್ನೆಗಳ ಬಗ್ಗೆ ಹೇಳುವಾಗ 1964ರ ಟೋಕಿಯೋ ಒಲಿಂಪಿಕ್ಸ್‌ನ ಚಿಹ್ನೆಗಳು, ಆಮೇಲೆ 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಡಿಸೈನರ್ ಓಟಲ್ ಐಷರ್ ಮಾಡಿದ ಕೆಲಸ ಎಲ್ಲ ಕಡೆ ಬರುತ್ತವೆ. ನಮ್ಮ ಚುನಾವಣಾ ಚಿಹ್ನೆಗಳನ್ನು ಮಾತ್ರ ಯಾರೂ ನೆನೆಯುವುದಿಲ್ಲ. 1951ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ಶೇ. 18ರ ಆಸುಪಾಸು ಇತ್ತು. ಹಾಗಿರುವಾಗ ಅಭ್ಯರ್ಥಿಯನ್ನು ಹೆಸರಿನಿಂದ ಅಲ್ಲ, ಚಿತ್ರದಿಂದ ಗುರುತಿಸಬೇಕಿತ್ತು. ಬೈಸಿಕಲ್, ಛತ್ರಿ, ಸೀಲಿಂಗ್ ಫ್ಯಾನ್ ಥರದ ದಿನಬಳಕೆಯ ವಸ್ತುಗಳು ಆ ಪಟ್ಟಿಗೆ ಬಂದವು. ಅವುಗಳಲ್ಲಿ ಎಷ್ಟೋ ಚಿತ್ರಗಳನ್ನು ಬರೆದವರು ಆಯೋಗದ ಡ್ರಾಫ್ಟ್ಸ್‌ಮನ್ ಎಂ.ಎಸ್. ಸೇಥಿ. ಕಪ್ಪು ಬಿಳುಪಿನಲ್ಲಿ, ಸಣ್ಣ ಚೌಕದಲ್ಲಿ, ಮಂದ ಬೆಳಕಲ್ಲೂ ಒಂದು ಇನ್ನೊಂದರ ಥರ ಕಾಣಬಾರದು. ಇದಕ್ಕಿಂತ ಕಷ್ಟದ ಗ್ರಾಫಿಕ್ ಡಿಸೈನ್ ಕೆಲಸ ಕಮ್ಮಿ.

ಪ್ಲಾನ್, ಸೆಕ್ಷನ್, ಮತ್ತು ಆ ತುಂಡು ಗೆರೆ

ಪ್ಲಾನ್ ಅಂದರೆ ಮನೆಯನ್ನು ಮೇಲಿಂದ ನೋಡಿದ ಚಿತ್ರ ಅಂತ ಹೇಳಿಕೊಡುತ್ತಾರೆ. ಇದು ಅರ್ಧ ಮಾತ್ರ ನಿಜ. ಮೇಲಿಂದ ನೋಡಿದರೆ ಕಾಣುವುದು ಚಾವಣಿ! ಪ್ಲಾನ್ ಅಂದರೆ ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿ ಮನೆಯನ್ನು ಅಡ್ಡಡ್ಡ ಕೊಯ್ದು, ಮೇಲಿನ ಭಾಗ ತೆಗೆದಿಟ್ಟು, ಕೆಳಗೆ ನೋಡುವುದು. 1.2 ಯಾಕೆ? ಆ ಎತ್ತರದಲ್ಲಿ ಕೊಯ್ದರೆ ಬಾಗಿಲೂ ಸಿಗುತ್ತದೆ, ಕಿಟಕಿಯೂ ಸಿಗುತ್ತದೆ. ಅರ್ಧ ಮೀಟರಿನಲ್ಲಿ ಕೊಯ್ದರೆ ಬಹುಪಾಲು ಕಿಟಕಿಗಳು ತಪ್ಪಿಹೋಗುತ್ತವೆ.

ಸೆಕ್ಷನ್ ಅಂದರೆ ಮೇಲಿಂದ ಕೆಳಕ್ಕೆ ಕೊಯ್ಯುವುದು. ಪಪ್ಪಾಯಿಯನ್ನು ಉದ್ದಕ್ಕೆ ಕೊಯ್ದರೆ ಒಂದು ಆಕಾರ, ಅಡ್ಡಕ್ಕೆ ಕೊಯ್ದರೆ ನಡುವೆ ನಕ್ಷತ್ರ. ಹಣ್ಣು ಒಂದೇ.

ಗೆರೆಯ ದಪ್ಪಕ್ಕೆ ನನ್ನ ಲೆಕ್ಕ ಇದು. ಕೊಯ್ದ ಜಾಗಕ್ಕೆ ದಪ್ಪ ಗೆರೆ, 2ಬಿ ಪೆನ್ಸಿಲ್. ಕೊಯ್ತದ ಆಚೆ ಕಾಣುವುದಕ್ಕೆ ತೆಳು ಗೆರೆ, ಎಚ್‌ಬಿ. ಟೈಲ್ಸ್, ಹೆಂಚಿನ ಸಾಲು ಇವಕ್ಕೆ 2ಎಚ್. ಸ್ಕೇಲ್ 1:100 ಆದರೆ 3 ಮೀಟರ್ ಗೋಡೆ 3 ಸೆಂ.ಮೀ., 1:50 ಆದರೆ 6 ಸೆಂ.ಮೀ.

ಈಗ ತುಂಡು ಗೆರೆ. ಡಿಪ್ಲೊಮಾದಲ್ಲಿ, ಐಟಿಐಯಲ್ಲಿ ಎಂಜಿನಿಯರಿಂಗ್ ಡ್ರಾಯಿಂಗ್ ಓದಿದವರಿಗೆ ತುಂಡು ಗೆರೆ ಅಂದರೆ ಮರೆಯಲ್ಲಿರುವ ಅಂಚು. ಕಬ್ಬಿಣದ ತುಂಡಿನೊಳಗೆ ಒಂದು ತೂತಿದೆ, ಎದುರಿನಿಂದ ಕಾಣುವುದಿಲ್ಲ, ಅದನ್ನು ತುಂಡು ಗೆರೆಯಲ್ಲಿ ತೋರಿಸುತ್ತೇವೆ. ಅದೇ ತಲೆ ಇಟ್ಟುಕೊಂಡು ಮನೆಯ ಪ್ಲಾನ್ ನೋಡಿದರೆ ಎಲ್ಲ ಉಲ್ಟಾ. ಅಲ್ಲಿ ತುಂಡು ಗೆರೆ ಹೆಚ್ಚಾಗಿ ಹೇಳುವುದು ತಲೆಯ ಮೇಲಿರುವುದನ್ನು: ಅಟ್ಟ, ತೊಲೆ, ಸೂರಿನ ಅಂಚು.

ಇದನ್ನು ನಿಧಾನವಾಗಿ ನೋಡೋಣ. ತೊಟ್ಟಿ ಮನೆ ತೆಗೆದುಕೊಳ್ಳಿ. ನಡುವೆ ತಗ್ಗಾದ ತೊಟ್ಟಿ, ಸುತ್ತ ಕಂಬ, ಕಂಬದ ಹಿಂದೆ ಹಜಾರ, ಒಳಗಡೆಗೆ ಇಳಿಜಾರಾದ ಹೆಂಚಿನ ಚಾವಣಿ. ನಿಮ್ಮ ಕಣ್ಣನ್ನು 1.2 ಮೀಟರ್ ಎತ್ತರದಲ್ಲಿ, ಕೆಳಗೆ ನೋಡುವ ಹಾಗೆ ಇಡಿ. ಮುಂದೆ ಏನಿದೆ? ನೆಲ, ತೊಟ್ಟಿಯ ಅಂಚು, ನೀರು ಹೋಗುವ ಕಿಂಡಿ. ಇವೆಲ್ಲ ಕಾಣುತ್ತವೆ, ಹಾಗಾಗಿ ತೆಳುವಾದ ತುಂಬು ಗೆರೆ (ಎಲ್ಲೂ ಬಿಡದೆ ಎಳೆದದ್ದು). ಗೋಡೆ, ಕಂಬ ಕೊಯ್ತಕ್ಕೆ ಸಿಕ್ಕಿವೆ, ದಪ್ಪ ಗೆರೆ. ಸೂರು ಎಲ್ಲಿದೆ? ಅದು ಕಣ್ಣಿನ ಹಿಂದೆ, ಬೆನ್ನ ಮೇಲೆ. ಕೊಯ್ದು ತೆಗೆದಿಟ್ಟ ಭಾಗದಲ್ಲಿ ಅದೂ ಹೋಯಿತು. ನಿಜವಾಗಿ ಅದನ್ನು ಬರೆಯುವ ಹಾಗೇ ಇಲ್ಲ. ಆದರೂ ಬರೆಯುತ್ತೇವೆ, ಬರೆಯದಿದ್ದರೆ ಮಳೆ ಎಲ್ಲಿ ಬೀಳುತ್ತದೆ ಎಂದು ಗೊತ್ತಾಗುವುದಿಲ್ಲ. ಅದಕ್ಕೇ ತುಂಡು ಗೆರೆ.

ಹೀಗೆ ಬರೆದ ಪ್ಲಾನಿನಲ್ಲಿ ತೊಟ್ಟಿಯ ಚೌಕದೊಳಗೆ ಸ್ವಲ್ಪ ಚಿಕ್ಕದಾದ ಇನ್ನೊಂದು ಚೌಕ ತುಂಡು ಗೆರೆಯಲ್ಲಿರುತ್ತದೆ. ಎಂಜಿನಿಯರಿಂಗ್ ಡ್ರಾಯಿಂಗ್ ಕಣ್ಣಿಗೆ ಅದು ನೆಲದಡಿಯ ಸಂಪು! ಆರ್ಕಿಟೆಕ್ಟ್ ಕಣ್ಣಿಗೆ ಅದು ಆಕಾಶ ಕಾಣುವ ಕಿಂಡಿಯ ಅಂಚು. ಚಿಕ್ಕ ಚೌಕ ದೊಡ್ಡದರ ಒಳಗಿದೆ ಅಂದರೆ ಸೂರು ತೊಟ್ಟಿಯ ಅಂಚು ದಾಟಿ ಮುಂದೆ ಬಂದಿದೆ, ನೀರು ತೊಟ್ಟಿಗೇ ಬೀಳುತ್ತದೆ, ಹಜಾರ ಒಣಗಿರುತ್ತದೆ. ತುಂಡು ಗೆರೆಯ ಚೌಕ ತೊಟ್ಟಿಗಿಂತ ದೊಡ್ಡದಾಗಿದ್ದರೆ? ಹಜಾರದಲ್ಲಿ ಕೂತವರು ಒದ್ದೆ.

ಹಾಗಾದರೆ ಎರಡಕ್ಕೂ ಸೇರುವ ಸೂತ್ರ ಏನು? ತುಂಡು ಗೆರೆ ಎಲ್ಲಿ ಕಂಡರೂ "ಇದೆ, ಆದರೆ ಈ ನೋಟಕ್ಕೆ ಕಾಣುತ್ತಿಲ್ಲ" ಅಂತ ಓದಿ. ಆಮೇಲೆ ಕಣ್ಣು ಎಲ್ಲಿದೆ ಎಂದು ಕೇಳಿ. ಕಣ್ಣಿನ ಮುಂದಿದ್ದು ಏನೋ ಅಡ್ಡ ಬಂದಿದ್ದರೆ ಅದು ಎಂಜಿನಿಯರಿಂಗ್ ಅರ್ಥ. ಕಣ್ಣಿನ ಹಿಂದೆ ಇದ್ದರೆ ಆರ್ಕಿಟೆಕ್ಚರ್ ಅರ್ಥ. ಮನೆಯ ಪ್ಲಾನಿನಲ್ಲೂ ನೆಲದಡಿಯ ಪೈಪನ್ನು ತುಂಡು ಗೆರೆಯಲ್ಲಿ ತೋರಿಸುವುದುಂಟು. ಅನುಮಾನ ಬರುವ ಕಡೆ ಪಕ್ಕದಲ್ಲಿ "ಮೇಲೆ ಸೂರು", "ಕೆಳಗೆ ಪೈಪ್" ಎಂದು ಬರೆದುಬಿಡಿ. ಬರೆದರೆ ಯಾರೂ ಮಾರ್ಕ್ಸ್ ಕಡಿಯುವುದಿಲ್ಲ.

ಇದೇ ತೊಟ್ಟಿ ಮನೆಗೆ ಸೆಕ್ಷನ್ ಬರೆದರೆ ತುಂಡು ಗೆರೆಯ ರಗಳೆಯೇ ಇಲ್ಲ. ಚಾವಣಿ ಯಾವ ಕಡೆ ಇಳಿದಿದೆ, ತೊಟ್ಟಿ ಎಷ್ಟು ತಗ್ಗು, ಬಿಸಿಲು ಎಲ್ಲಿಂದ ಬರುತ್ತದೆ, ಎಲ್ಲ ಒಂದೇ ನೋಟದಲ್ಲಿ. ನನ್ನ ಪ್ರಕಾರ ಜಾಗದ ಬಗ್ಗೆ ಯಾವ ಪ್ರಶ್ನೆ ಬಂದರೂ ಮೊದಲು ಸೆಕ್ಷನ್ ಬರೆಯಿರಿ. ಎಲ್ಲಿ ಕೊಯ್ಯಬೇಕು? ಎತ್ತರ ಬದಲಾಗುವ ಕಡೆ: ತೊಟ್ಟಿ, ಮೆಟ್ಟಿಲು, ಬಾಗಿಲು, ಕಿಟಕಿ. ಕಂಬದ ಮೇಲೆ ಮಾತ್ರ ಕೊಯ್ಯಬೇಡಿ, ಅದು ಗೋಡೆಯ ಥರ ಕಾಣುತ್ತದೆ. ಪ್ಲಾನಿನ ಮೇಲೆ ಕೊಯ್ತದ ಗೆರೆ ಎಳೆದು, ಯಾವ ಕಡೆ ನೋಡುತ್ತಿದ್ದೇವೆ ಎಂದು ಬಾಣ ಹಾಕಿ. ಒಬ್ಬ ಮನುಷ್ಯನನ್ನು ನಿಲ್ಲಿಸಿ, ಅಳತೆ ತಾನಾಗೇ ಗೊತ್ತಾಗುತ್ತದೆ.

ಒಂದು ಚಿಕ್ಕ ಮಾತು. ಪ್ರಾಡಕ್ಟ್ ಡ್ರಾಯಿಂಗಿನಲ್ಲಿ ಒಂದು ವಸ್ತುವಿನ ಎದುರು, ಮೇಲಿನ, ಬದಿಯ ನೋಟಗಳನ್ನು ಹಾಳೆಯ ಮೇಲೆ ಜೋಡಿಸಲು ನಮ್ಮಲ್ಲಿ ಕಲಿಸುವ ಕ್ರಮ ಫಸ್ಟ್ ಆ್ಯಂಗಲ್. ಅದರಲ್ಲಿ ಮೇಲಿನ ನೋಟ ಎದುರು ನೋಟದ ಕೆಳಗೆ ಬರುತ್ತದೆ, ಬಲಗಡೆಯ ನೋಟ ಎಡಕ್ಕೆ. ಅಮೆರಿಕದವರ ವಿಡಿಯೋ ನೋಡಿ ಕಲಿತರೆ ಥರ್ಡ್ ಆ್ಯಂಗಲ್, ಅಲ್ಲಿ ಮೇಲಿನದು ಮೇಲೇ.

ಬಟ್ಟೆಯಲ್ಲಿ, ಕಾಗದದಲ್ಲಿ

ಹೊಲಿಗೆ ಪ್ಯಾಟರ್ನ್‌ನಲ್ಲಿ ತುಂಬು ಗೆರೆಯಲ್ಲಿ ಕತ್ತರಿ ಹೋಗುತ್ತದೆ, ಅದರ ಒಳಗಿನ ತುಂಡು ಗೆರೆಯಲ್ಲಿ ಸೂಜಿ ಹೋಗುತ್ತದೆ. ನಡುವಿನ ಜಾಗ ಹೊಲಿಗೆಗೆ ಬಿಟ್ಟ ಬಟ್ಟೆ. ಕಾಗದ ಮಡಚುವ ಒರಿಗಾಮಿಯಲ್ಲಿ ತುಂಡು ಗೆರೆ ಅಂದರೆ ಒಳಮಡಿಕೆ, ತುಂಡಿನ ನಡುವೆ ಚುಕ್ಕೆ ಇದ್ದರೆ ಹೊರಮಡಿಕೆ. ಕಾಮಿಕ್ಸ್‌ನಲ್ಲಿ ಮಾತಿನ ಗುಳ್ಳೆಗೆ ತುಂಡು ಗೆರೆಯ ಅಂಚಿದ್ದರೆ ಪಿಸುಮಾತು. ಹೊಲಿಗೆ, ಮಡಿಕೆ ಎರಡಕ್ಕೂ ಮೇಲಿನ ಸೂತ್ರ ಸೇರುವುದಿಲ್ಲ. ಇಲ್ಲಿ ಗೆರೆ ಹೇಳುವುದು "ಇಲ್ಲಿ ಏನೋ ಮಾಡು" ಅಂತ. ಇದನ್ನು ಬೇರೆ ಗುಂಪಾಗಿ ನೆನಪಿಟ್ಟುಕೊಳ್ಳಿ.

ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಧಾರವಾಡ, ಹುಬ್ಬಳ್ಳಿ ಕಡೆಯ ಕಸೂತಿ. ಗವಂತಿ, ಮುರಗಿ, ನೇಗಿ, ಮೆಂತಿ ಎಂದು ನಾಲ್ಕು ಹೊಲಿಗೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿ ಹಾಕುತ್ತಾರೆ. ಗವಂತಿಯಲ್ಲಿ ಸೂಜಿ ಒಂದು ಸಲ ಹೋಗುವಾಗ ಮೇಲೊಂದು ಕೆಳಗೊಂದು ಹೊಲಿಗೆ ಬೀಳುತ್ತದೆ. ಅಂದರೆ ಬಟ್ಟೆಯ ಮೇಲೆ ಮೂಡುವುದೇ ಒಂದು ತುಂಡು ಗೆರೆ. ವಾಪಸ್ ಬರುವಾಗ ಖಾಲಿ ಜಾಗ ತುಂಬುತ್ತದೆ. ಗಂಟಿಲ್ಲ, ಹಿಂದೆ ಮುಂದೆ ಎರಡೂ ಒಂದೇ ಥರ. ನಾನು ಗ್ರಾಫ್ ಶೀಟಿನಲ್ಲಿ ಹೋಗುವುದನ್ನು ನೀಲಿ ಪೆನ್ನಲ್ಲಿ, ಬರುವುದನ್ನು ಕೆಂಪಲ್ಲಿ ಹಾಕಿಕೊಳ್ಳುತ್ತೇನೆ. ಗೋಪುರ, ತೇರು, ತುಳಸಿ ಕಟ್ಟೆ ಎಲ್ಲವೂ ಅಡ್ಡ, ಉದ್ದ, ಓರೆ ಗೆರೆಗಳಲ್ಲೇ ಆಗುತ್ತವೆ. ಬೆಕ್ ನಕ್ಷೆಯಲ್ಲೂ ಇದೇ ಮೂರು ಗೆರೆ. ಅವರು ಓದುವವರ ಅನುಕೂಲಕ್ಕೆ ಹಾಗೆ ಮಾಡಿದರು, ಇಲ್ಲಿ ಬಟ್ಟೆಯ ಎಳೆ ಬೇರೆ ದಾರಿ ಕೊಡುವುದಿಲ್ಲ.

ಸ್ಕ್ರೀನ್ ಮತ್ತು ಅನಿಮೇಷನ್

ಇಲ್ಲಿ ಸುಲಭ. ವೈರ್‌ಫ್ರೇಮ್‌ನಲ್ಲಿ, ಅಂದರೆ ಆ್ಯಪ್ ಅಥವಾ ವೆಬ್‌ಸೈಟಿನ ಪುಟದಲ್ಲಿ ಏನು ಎಲ್ಲಿ ಬರುತ್ತದೆ ಎಂದು ತೋರಿಸುವ ಕಚ್ಚಾ ಚಿತ್ರದಲ್ಲಿ, ಚೌಕದೊಳಗೆ ಇಂಟು ಗುರುತು ಇದ್ದರೆ ಅದು ಫೋಟೋ ಬರುವ ಜಾಗ. ಬಣ್ಣ ಬೇಡ, ಬಣ್ಣ ಹಾಕಿದರೆ ನೋಡುವವರು ಬಟನ್ ಎಲ್ಲಿದೆ ಅನ್ನೋದು ಬಿಟ್ಟು ಬಣ್ಣದ ಬಗ್ಗೆ ಮಾತಾಡುತ್ತಾರೆ. ಸ್ಟೋರಿಬೋರ್ಡ್‌ನಲ್ಲಿ (ಸಿನಿಮಾದ ದೃಶ್ಯಗಳನ್ನು ಸಾಲಾಗಿ ಬರೆದ ಚಿತ್ರಗಳು) ಪಾತ್ರದ ಚಲನೆಗೆ ಒಂದು ಥರದ ಬಾಣ, ಕ್ಯಾಮೆರಾ ಚಲನೆಗೆ ಇನ್ನೊಂದು ಥರದ್ದು ಇಟ್ಟುಕೊಳ್ಳಿ. ಎರಡೂ ಒಂದೇ ಆದರೆ ಯಾರು ಓಡುತ್ತಿದ್ದಾರೆ ಅಂತ ತಿಳಿಯುವುದಿಲ್ಲ.

ಅಭ್ಯಾಸಕ್ಕೆ: ಒಂದು ಛತ್ರಿ

ಎಂಟು ಕಡ್ಡಿಯ ಮಾಮೂಲಿ ಛತ್ರಿಯನ್ನು ನಾಲ್ಕು ಜನರಿಗಾಗಿ ಬರೆಯಿರಿ. ಮಾಡುವವರಿಗೆ: ಬದಿಯ ನೋಟ, ಬಟ್ಟೆಯ ಮರೆಯಲ್ಲಿರುವ ಕಡ್ಡಿಗಳು ತುಂಡು ಗೆರೆಯಲ್ಲಿ. ಬಳಸುವವರಿಗೆ: ಮಡಚುವ ಕ್ರಮ, ಬಾಣಗಳ ಜೊತೆ. ಬೋರ್ಡಿಗೆ: ಕಪ್ಪು ಬಿಳುಪು ಚಿಹ್ನೆ, 1 ಸೆಂ.ಮೀ. ಚೌಕದಲ್ಲೂ ಗುರುತು ಸಿಗಬೇಕು. ಟೈಲರಿಗೆ: ಬಟ್ಟೆಯ ಒಂದು ಫಲಕ, ಕತ್ತರಿಸುವ ಗೆರೆ ಮತ್ತು ಹೊಲಿಯುವ ಗೆರೆ. ಈ ನಾಲ್ಕನೆಯದು ಕಷ್ಟ. ಫಲಕದ ಎರಡು ಬದಿ ನೇರವಾಗಿದ್ದರೆ ಎಂಟನ್ನೂ ಸೇರಿಸಿದಾಗ ಚೂಪಾದ ಟೋಪಿ ಆಗುತ್ತದೆ. ಛತ್ರಿಯ ಗುಮ್ಮಟ ಬೇಕಾದರೆ ಆ ಎರಡು ಬದಿಗಳನ್ನು ಸ್ವಲ್ಪ ಹೊರಕ್ಕೆ ಉಬ್ಬಿಸಿ ಬರೆಯಬೇಕು. ಎಷ್ಟು ಉಬ್ಬಿಸಬೇಕು ಅನ್ನೋದಕ್ಕೆ ಹಳೇ ಪೇಪರಿನಲ್ಲಿ ಎಂಟು ತುಂಡು ಕತ್ತರಿಸಿ ಅಂಟಿಸಿ ನೋಡಿ.